ಪ್ರಯೋಗಕ್ಕೆ ಒಗ್ಗದ ಪ್ರಶ್ನೆಗಳು: ಪ್ರಾಯೋಗಿಕೇತರ ಪರಿಮಾಣಾತ್ಮಕ ಸಂಶೋಧನೆಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಎಂ.ಎಡ್., ಎಂ.ಎಸ್.ಡಬ್ಲ್ಯು., ಪಿಎಚ್.ಡಿ. ಪ್ರಬಂಧಗಳಿಟ್ಟಿರುವ ಕಪಾಟಿನ ಮುಂದೆ ನಿಂತು ಶೀರ್ಷಿಕೆಗಳನ್ನು ಓದುತ್ತಾ ಹೋದರೆ ಒಂದು ಪದ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: “ಪ್ರಭಾವ”. ಇದರ ಮೇಲೆ ಅದರ ಪ್ರಭಾವ, ಒಂದು ಅಧ್ಯಯನ. ಒಳಪುಟ ತೆರೆದರೆ ಇನ್ನೂರು ಮಂದಿಗೆ ಒಂದೇ ಒಂದು ಸಲ ಪ್ರಶ್ನಾವಳಿ ಹಂಚಿ, ಎರಡು ಅಂಕಗಳ ನಡುವಿನ ಸಹಸಂಬಂಧವನ್ನು, ಅಂದರೆ ಒಂದು ಏರಿಳಿದಂತೆ ಇನ್ನೊಂದು ಎಷ್ಟು ಏರಿಳಿಯುತ್ತದೆ ಎಂಬುದನ್ನು, ಲೆಕ್ಕ ಹಾಕಿರುತ್ತಾರೆ. ದುಡಿದವರ ಶ್ರಮ ನಿಜ, ಅಂಕಿಗಳೂ ನಿಜ. ಆದರೆ ಆ ಅಂಕಿಗಳು “ಪ್ರಭಾವ” ಎಂಬ ಭಾರವನ್ನು ಹೊರಲಾರವು. ಹಲವು ವರ್ಷ ವಿದ್ಯಾರ್ಥಿಗಳ ಪ್ರಬಂಧಗಳನ್ನು ತಿದ್ದುತ್ತಾ ಬಂದ ನನಗೆ ಈ ಒಂದು ತಪ್ಪನ್ನು ಆರಂಭದಲ್ಲೇ ತಪ್ಪಿಸಬಹುದಿತ್ತಲ್ಲ ಎಂಬ ಸಂಕಟ ಇದ್ದೇ ಇದೆ. ಈ ಬರಹಕ್ಕೆ ಅದೇ ಕಾರಣ.

ಪ್ರಯೋಗದಲ್ಲಿ ಸಂಶೋಧಕನೇ ಒಂದು ಅಂಶವನ್ನು ಬದಲಿಸುತ್ತಾನೆ. ಯಾರಿಗೆ ಔಷಧ, ಯಾರಿಗೆ ಬರಿಯ ಸಕ್ಕರೆ ಗುಳಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾನೆ. ಪ್ರಾಯೋಗಿಕೇತರ ಸಂಶೋಧನೆಯಲ್ಲಿ ಅಂಥ ಯಾವ ಹಸ್ತಕ್ಷೇಪವೂ ಇರುವುದಿಲ್ಲ. ಲೋಕದಲ್ಲಿ ಆಗಲೇ ಆಗಿರುವುದನ್ನು, ತಾನಾಗಿ ಆಗುತ್ತಿರುವುದನ್ನು ಅಳೆದು, ಎಣಿಸಿ, ಹೋಲಿಸಿ ನೋಡುತ್ತೇವೆ. ಯಾರನ್ನೂ ಸಿಗರೇಟು ಸೇದು ಎಂದು ಇಪ್ಪತ್ತು ವರ್ಷ ಕೂರಿಸಲಾಗದು. ಯಾವ ಮಗುವನ್ನೂ ಬಡ ಮನೆಯಲ್ಲಿ ಹುಟ್ಟು ಎಂದು ನೇಮಿಸಲಾಗದು. ಸಮಾಜ, ಶಿಕ್ಷಣ, ಆರೋಗ್ಯಗಳ ದೊಡ್ಡ ಪ್ರಶ್ನೆಗಳಲ್ಲಿ ಬಹುಪಾಲು ಇಂಥವೇ. ಹಾಗಾಗಿ ಈ ವಿಧಾನವನ್ನು ಪ್ರಯೋಗದ ಬಡ ತಮ್ಮನೆಂದು ನೋಡುವುದು ತಪ್ಪು. ಅದಕ್ಕೆ ತನ್ನದೇ ಶಿಸ್ತು ಇದೆ, ಅದನ್ನು ಹಂತ ಹಂತವಾಗಿ ನೋಡೋಣ.

ವಿವರಣೆಗೆ ಎರಡು ಉದಾಹರಣೆಗಳನ್ನು ಜೊತೆಗಿಟ್ಟುಕೊಳ್ಳುತ್ತೇನೆ. ಒಂದು ನಿಜವಾಗಿ ನಡೆದದ್ದು: ಧೂಮಪಾನ ಮತ್ತು ಶ್ವಾಸಕೋಶದ ಕ್ಯಾನ್ಸರಿನ ಬಗ್ಗೆ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಬ್ರಿಟನ್ನಿನಲ್ಲಿ ಮಾಡಿದ ಕೆಲಸ. ಇನ್ನೊಂದು ನೀವು ನಾಳೆಯೇ ಕೈಗೆತ್ತಿಕೊಳ್ಳಬಹುದಾದ್ದು: ಒಂದು ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ಮನೆಯಿಂದ ಶಾಲೆಗಿರುವ ದೂರಕ್ಕೂ ಮಕ್ಕಳ ಹಾಜರಾತಿಗೂ ಏನು ಸಂಬಂಧ?

ಹಂತ 1: ಪ್ರಶ್ನೆಯ ಕ್ರಿಯಾಪದವನ್ನು ಗಟ್ಟಿಮಾಡಿಕೊಳ್ಳಿ

ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದು ಅದರ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. “ಎಷ್ಟು ಇದೆ” ಎಂದು ಕೇಳುತ್ತಿದ್ದರೆ ಅದು ವಿವರಣಾತ್ಮಕ ಅಧ್ಯಯನ. “ಇದು ಹೆಚ್ಚಿದಾಗ ಅದು ಹೆಚ್ಚುತ್ತದೆಯೇ” ಎಂದರೆ ಸಹಸಂಬಂಧ ಅಧ್ಯಯನ. “ಈ ಗುಂಪಿಗೂ ಆ ಗುಂಪಿಗೂ ವ್ಯತ್ಯಾಸವಿದೆಯೇ, ಇದ್ದರೆ ಯಾವುದರಿಂದ ಬಂದಿರಬಹುದು” ಎಂದರೆ ಕಾರಣ-ತುಲನಾತ್ಮಕ ಅಧ್ಯಯನ. “ಕಾಲ ಕಳೆದಂತೆ ಏನಾಗುತ್ತದೆ” ಎಂದರೆ ದೀರ್ಘಾವಧಿ ಅಧ್ಯಯನ.

ನಮ್ಮ ಉದಾಹರಣೆಯನ್ನು “ದೂರವು ಹಾಜರಾತಿಯ ಮೇಲೆ ಬೀರುವ ಪ್ರಭಾವ” ಎಂದು ಬರೆಯುವ ಬದಲು “ಮನೆಯಿಂದ ಶಾಲೆಗಿರುವ ದೂರಕ್ಕೂ ಎಂಟನೇ ತರಗತಿಯ ವಿದ್ಯಾರ್ಥಿಗಳ ಹಾಜರಾತಿಗೂ ಇರುವ ಸಂಬಂಧ” ಎಂದು ಬರೆಯಿರಿ. ಇದರಿಂದ ಅಧ್ಯಯನ ಚಿಕ್ಕದಾಗುವುದಿಲ್ಲ. ಸಾಬೀತು ಮಾಡಬಲ್ಲಷ್ಟನ್ನೇ ಶೀರ್ಷಿಕೆ ಹೇಳುತ್ತದೆ, ಅಷ್ಟೆ.

ಹಂತ 2: ಎಲ್ಲಿಂದ ಹೊರಡುತ್ತೀರಿ, ಯಾವ ದಿಕ್ಕಿಗೆ?

ವಿನ್ಯಾಸಗಳ ಹೆಸರು ಬಾಯಿಪಾಠ ಮಾಡುವುದಕ್ಕಿಂತ ಈ ಎರಡು ಪ್ರಶ್ನೆ ಕೇಳಿಕೊಳ್ಳುವುದು ಮೇಲು. ಕಾರಣವಿರಬಹುದಾದ ಅಂಶ ಮತ್ತು ಫಲ ಎರಡನ್ನೂ ಒಂದೇ ಹೊತ್ತಿನಲ್ಲಿ ಅಳೆದರೆ ಅದು ಅಡ್ಡಛೇದ ಅಧ್ಯಯನ, ಒಂದು ಫೋಟೊ ತೆಗೆದಂತೆ. ಫಲದಿಂದ ಹೊರಟು ಹಿಂದಕ್ಕೆ ಕಾರಣವನ್ನು ಹುಡುಕಿದರೆ ಪ್ರಕರಣ-ನಿಯಂತ್ರಣ ಅಧ್ಯಯನ. ಕಾರಣದಿಂದ ಹೊರಟು, ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ಫಲಕ್ಕಾಗಿ ಕಾದರೆ ಕೋಹಾರ್ಟ್, ಅಂದರೆ ಸಮೂಹ ಅನುಸರಣಾ ಅಧ್ಯಯನ. ಬೇರೆಯವರು ಆಗಲೇ ಸಂಗ್ರಹಿಸಿಟ್ಟ ದತ್ತಾಂಶವನ್ನು ಬಳಸಿದರೆ ದ್ವಿತೀಯಕ ವಿಶ್ಲೇಷಣೆ. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ಪ್ರಯತ್ನದಿಂದ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ, 1992–93ರಿಂದ ನಡೆದು ಬಂದಿರುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇವೆಲ್ಲ ಇಂಥ ದತ್ತಾಂಶದ ಕಣಜಗಳು. ನೀವೇ ಮನೆಮನೆ ಅಲೆಯುವ ಮೊದಲು ಅಲ್ಲಿ ನಿಮ್ಮ ಉತ್ತರ ಇದೆಯೇ ಎಂದು ನೋಡಿ.

ಇಲ್ಲಿ ಡಾಲ್ ಮತ್ತು ಹಿಲ್ ಅವರ ಕೆಲಸವನ್ನು ಹತ್ತಿರದಿಂದ ನೋಡುವುದು ಲಾಭದಾಯಕ, ಏಕೆಂದರೆ ಅವರು ಒಂದೇ ಪ್ರಶ್ನೆಯನ್ನು ಎರಡು ದಿಕ್ಕಿನಿಂದ ಹಿಡಿದರು.

ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ಬ್ರಿಟನ್ನಿನಲ್ಲಿ ಏರುತ್ತಾ ಹೋಗಿತ್ತು. ಸಂಶಯ ಸಿಗರೇಟಿನ ಮೇಲಷ್ಟೇ ಇರಲಿಲ್ಲ. ವಾಹನಗಳ ಹೊಗೆ, ರಸ್ತೆಗೆ ಹಾಕುವ ಡಾಂಬರು ಇವುಗಳ ಮೇಲೆ ಡಾಲ್ ಅವರಿಗೆ ಹೆಚ್ಚಿನ ಅನುಮಾನವಿತ್ತು. ಅವರು ಲಂಡನ್ನಿನ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇದ್ದ ರೋಗಿಗಳನ್ನು ಆರಿಸಿದರು. ಪ್ರತಿಯೊಬ್ಬರಿಗೂ ಅದೇ ಲಿಂಗದ, ಹೆಚ್ಚುಕಡಿಮೆ ಅದೇ ವಯಸ್ಸಿನ, ಬೇರೆ ಕಾಯಿಲೆಗೆ ದಾಖಲಾದ ಒಬ್ಬ ರೋಗಿಯನ್ನು ಜೋಡಿ ಮಾಡಿದರು. ಇಬ್ಬರಿಗೂ ಒಂದೇ ಪ್ರಶ್ನೆಗಳು. 1950ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಗಂಡಸರ ಲೆಕ್ಕ ಹೀಗಿತ್ತು: ಕ್ಯಾನ್ಸರ್ ಇದ್ದ 649 ಮಂದಿಯಲ್ಲಿ ಧೂಮಪಾನ ಮಾಡದವರು 2. ಕ್ಯಾನ್ಸರ್ ಇಲ್ಲದ 649 ಮಂದಿಯಲ್ಲಿ ಧೂಮಪಾನ ಮಾಡದವರು 27.

ಒಂದು ಕಾಗದ ತೆಗೆದುಕೊಂಡು ನಾಲ್ಕು ಮನೆಯ ಕೋಷ್ಟಕ ಹಾಕಿ. ಮೇಲಿನ ಸಾಲಿನಲ್ಲಿ ಕ್ಯಾನ್ಸರ್ ಇದ್ದವರು: ಸೇದುವವರು 647, ಸೇದದವರು 2. ಕೆಳಗಿನ ಸಾಲಿನಲ್ಲಿ ಇಲ್ಲದವರು: ಸೇದುವವರು 622, ಸೇದದವರು 27. ಈಗ ಓರೆಯಾಗಿ ಗುಣಿಸಿ. 647ನ್ನು 27ರಿಂದ ಗುಣಿಸಿದರೆ 17,469. 622ನ್ನು 2ರಿಂದ ಗುಣಿಸಿದರೆ 1,244. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 14. ಇದಕ್ಕೆ ಆಡ್ಸ್ ಅನುಪಾತ ಎನ್ನುತ್ತಾರೆ. ಕ್ಯಾನ್ಸರ್ ಇದ್ದವರ ಗುಂಪಿನಲ್ಲಿ ಧೂಮಪಾನದ ಕಡೆಗಿನ ವಾಲುವಿಕೆ ಇನ್ನೊಂದು ಗುಂಪಿಗಿಂತ 14 ಪಟ್ಟು ಹೆಚ್ಚು ಎಂದರ್ಥ. ಸೇದುವವರ ಶೇಕಡಾವಾರು ನೋಡಿದರೆ, 99.7 ಮತ್ತು 95.8, ವ್ಯತ್ಯಾಸ ಅಷ್ಟೇನೂ ದೊಡ್ಡದಾಗಿ ಕಾಣುವುದಿಲ್ಲ. ಅಂದಿನ ಲಂಡನ್ನಿನಲ್ಲಿ ಹೆಚ್ಚುಕಡಿಮೆ ಎಲ್ಲ ಗಂಡಸರೂ ಸೇದುತ್ತಿದ್ದರು. ಸರಿಯಾದ ಅಳತೆಗೋಲು ಹಿಡಿಯದಿದ್ದರೆ ಕಣ್ಣೆದುರಿನ ಸತ್ಯವೂ ಜಾರಿಹೋಗುತ್ತದೆ ಎಂಬುದಕ್ಕೆ ನಾನು ತರಗತಿಯಲ್ಲಿ ಯಾವಾಗಲೂ ಇದೇ ಕೋಷ್ಟಕವನ್ನು ಬರೆಯುತ್ತೇನೆ.

ಒಂದು ಎಚ್ಚರ. ಇಲ್ಲಿ ಕ್ಯಾನ್ಸರ್ ರೋಗಿಗಳು ಎಷ್ಟು, ಇಲ್ಲದವರು ಎಷ್ಟು ಎಂಬುದನ್ನು ಸಂಶೋಧಕರೇ ನಿಗದಿ ಮಾಡಿದ್ದರು. ಆದ್ದರಿಂದ “ಸೇದುವ ನೂರು ಮಂದಿಯಲ್ಲಿ ಎಷ್ಟು ಮಂದಿಗೆ ಕ್ಯಾನ್ಸರ್ ಬರುತ್ತದೆ” ಎಂದು ಈ ಕೋಷ್ಟಕದಿಂದ ಹೇಳಲು ಬರುವುದಿಲ್ಲ. ಅದಕ್ಕೆ ಮುಂದಕ್ಕೆ ನೋಡುವ ಅಧ್ಯಯನವೇ ಬೇಕು. ಡಾಲ್ ಮತ್ತು ಹಿಲ್ 1951ರಲ್ಲಿ ಅದನ್ನೂ ಆರಂಭಿಸಿದರು. ಬ್ರಿಟಿಷ್ ವೈದ್ಯರ ನೋಂದಣಿ ಪುಸ್ತಕದಿಂದ ವಿಳಾಸ ಹೆಕ್ಕಿ, ಬಹಳ ಚಿಕ್ಕದಾದ ಒಂದು ಪ್ರಶ್ನಾವಳಿಯನ್ನು ಅಂಚೆಯಲ್ಲಿ ಕಳಿಸಿದರು. ಸುಮಾರು 40,000 ವೈದ್ಯರು ಉತ್ತರಿಸಿದರು. ಆಮೇಲಿನ ಕೆಲಸ ಕಾಯುವುದು ಮತ್ತು ಸಾವುಗಳನ್ನು ದಾಖಲಿಸುವುದು. 1954ರ ಮೊದಲ ವರದಿಯಲ್ಲೇ ದಿನದ ಸಿಗರೇಟು ಹೆಚ್ಚಿದಂತೆ ಶ್ವಾಸಕೋಶದ ಕ್ಯಾನ್ಸರಿನ ಮರಣ ಪ್ರಮಾಣ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದು ಕಂಡಿತು. ಅಧ್ಯಯನ ಅಲ್ಲಿಗೆ ನಿಲ್ಲದೆ 2004ರಲ್ಲಿ ಐವತ್ತು ವರ್ಷಗಳ ಫಲಿತಾಂಶವೂ ಪ್ರಕಟವಾಯಿತು: ಬಿಡದೆ ಸೇದಿದವರು ಸೇದದವರಿಗಿಂತ ಸರಾಸರಿ ಸುಮಾರು 10 ವರ್ಷ ಮೊದಲೇ ತೀರಿಕೊಂಡಿದ್ದರು.

ವೈದ್ಯರನ್ನೇ ಏಕೆ ಆರಿಸಿದರು? ಅವರು ತಮ್ಮ ಅಭ್ಯಾಸವನ್ನು ಸರಿಯಾಗಿ ಹೇಳಬಲ್ಲವರು, ನೋಂದಣಿಯ ಕಾರಣ ಎಲ್ಲಿದ್ದರೂ ಪತ್ತೆಯಾಗುವವರು. ನೀವೂ ದೀರ್ಘಾವಧಿ ಅಧ್ಯಯನ ಮಾಡುವುದಾದರೆ ಇದನ್ನೇ ಮೊದಲು ಯೋಚಿಸಿ: ಮೂರು ವರ್ಷದ ನಂತರ ಇವರು ನನಗೆ ಸಿಗುತ್ತಾರೆಯೇ?

ಹಂತ 3: ಅಳತೆ

ಹಾಜರಾತಿಯ ಅಧ್ಯಯನಕ್ಕೆ ಬರೋಣ. “ನಿಮ್ಮ ಮನೆ ಶಾಲೆಯಿಂದ ಎಷ್ಟು ದೂರ?” ಎಂಬ ಪ್ರಶ್ನೆಯನ್ನು ಒಮ್ಮೆ ಪೂರ್ವಪರೀಕ್ಷೆಯಲ್ಲಿ ಕೇಳಿ ನೋಡಿದ್ದೆವು. ಒಂದು ಮಗು “ಎರಡು ಕಿಲೋಮೀಟರ್” ಎಂದಿತು, ಅದೇ ಬೀದಿಯ ಇನ್ನೊಂದು “ಅರ್ಧ ಗಂಟೆ” ಎಂದಿತು, ಮೂರನೆಯದು “ಇಲ್ಲೇ ಕೂಗಳತೆ” ಎಂದು ಕೈ ತೋರಿಸಿತು. ಮೂವರೂ ನಿಜವನ್ನೇ ಹೇಳಿದ್ದರು. ತಪ್ಪಿದ್ದದ್ದು ನಮ್ಮ ಪ್ರಶ್ನೆಯಲ್ಲಿ.

ಆದ್ದರಿಂದ ಪ್ರತಿ ಚರಾಂಶಕ್ಕೂ, ಅಂದರೆ ಅಳೆಯುವ ಪ್ರತಿ ಅಂಶಕ್ಕೂ, ಕಾರ್ಯಾತ್ಮಕ ವ್ಯಾಖ್ಯೆ (ಅದನ್ನು ಹೇಗೆ ಅಳೆಯುತ್ತೇವೆ ಎಂಬ ಖಚಿತ ಮಾತು) ಬರೆದುಕೊಳ್ಳಿ. ದೂರ ಎಂದರೆ ನಕ್ಷೆಯ ಮೇಲಿನ ನೇರ ಗೆರೆಯೋ, ನಡೆಯುವ ದಾರಿಯೋ, ಬಸ್ಸಿಗೆ ಕಾಯುವುದೂ ಸೇರಿ ಹಿಡಿಯುವ ನಿಮಿಷಗಳೋ? ನನ್ನ ಆಯ್ಕೆ ನಿಮಿಷಗಳು, ಏಕೆಂದರೆ ಮಗುವಿನ ಕಾಲಿಗೆ ತಿಳಿಯುವುದು ಅದೇ. ಮಲೆನಾಡಿನ ಒಂದು ಕಿಲೋಮೀಟರಿಗೂ ಬಯಲುಸೀಮೆಯ ಒಂದು ಕಿಲೋಮೀಟರಿಗೂ ಅಜಗಜಾಂತರ. ಹಾಜರಾತಿ ಎಂದರೆ ಯಾವ ತಿಂಗಳದ್ದು? ಸುಗ್ಗಿಯ ತಿಂಗಳಲ್ಲಿ ಅಳೆದರೆ ದೂರದ ಬದಲು ರಾಗಿ ಕೊಯ್ಲನ್ನು ಅಳೆದಂತಾದೀತು. ಇಡೀ ಶೈಕ್ಷಣಿಕ ವರ್ಷದ ಕೆಲಸದ ದಿನಗಳಲ್ಲಿ ಮಗು ಬಂದ ದಿನಗಳ ಶೇಕಡಾವಾರು ಎಂದು ಗೊತ್ತುಮಾಡಿ. ಹಾಜರಿ ಪುಸ್ತಕವನ್ನು ಬೆಳಿಗ್ಗೆಯೂ ಮಧ್ಯಾಹ್ನವೂ ತುಂಬುತ್ತಾರೆಯೇ, ಬಸ್ ತಡವಾಗಿ ಬಂದ ಮಗುವಿಗೆ ಏನು ಗುರುತು ಹಾಕುತ್ತಾರೆ ಎಂದು ತರಗತಿ ಶಿಕ್ಷಕರನ್ನು ಕೇಳಿ ತಿಳಿದುಕೊಳ್ಳಿ. ಒಂದೊಂದು ಶಾಲೆಯಲ್ಲಿ ಒಂದೊಂದು ರೂಢಿ ಇದ್ದರೆ ನಿಮ್ಮ ದತ್ತಾಂಶ ಶಾಲೆಗಳ ರೂಢಿಯನ್ನು ಅಳೆಯುತ್ತದೆ.

ಮನೋಭಾವದಂಥ ಅಮೂರ್ತ ಸಂಗತಿಗೆ ಮಾಪಕ ಬಳಸುವುದಾದರೆ ಅದರ ವಿಶ್ವಸನೀಯತೆ (ಮತ್ತೆ ಅಳೆದರೂ ಅದೇ ಅಂಕ ಬರುತ್ತದೆಯೇ), ಸಿಂಧುತ್ವ (ಅಳೆಯಬೇಕಾದ್ದನ್ನೇ ಅಳೆಯುತ್ತದೆಯೇ) ಎರಡನ್ನೂ ಕನ್ನಡದ ಅನುವಾದಿತ ರೂಪಕ್ಕೆ ಹೊಸದಾಗಿ ಪರೀಕ್ಷಿಸಬೇಕು. ಇಂಗ್ಲಿಷ್ ಮೂಲದ ಮಾಪಕಕ್ಕೆ ಬಂದ ಅಂಕ ಅನುವಾದಕ್ಕೆ ತಾನಾಗಿ ಬರುವುದಿಲ್ಲ.

ಹಂತ 4: ಮಾದರಿ, ಅದಕ್ಕಿಂತ ಮೊದಲು ಪಟ್ಟಿ

“ಸರ್, ಎಷ್ಟು ಮಂದಿ ಬೇಕು?” ಎಂಬುದು ವಿದ್ಯಾರ್ಥಿಗಳ ಮೊದಲ ಪ್ರಶ್ನೆ. ಉತ್ತರ ಹೇಳುತ್ತೇನೆ, ಆದರೆ ಅದು ಎರಡನೆಯ ಪ್ರಶ್ನೆಯಾಗಬೇಕಿತ್ತು. ಶೇಕಡಾವಾರು ಅಂದಾಜಿಗೆ, ಶೇ. 95ರ ವಿಶ್ವಾಸ ಮಟ್ಟದಲ್ಲಿ ಶೇ. 5ರ ದೋಷಮಿತಿ ಸಾಕೆನಿಸಿದರೆ (ಇಂಥ ನೂರು ಮಾದರಿ ತೆಗೆದರೆ ಸುಮಾರು 95ರಲ್ಲಿ ಅಂದಾಜು ನಿಜದಿಂದ ಶೇ. 5ರೊಳಗೆ ಇರುವಂತೆ) ಲೆಕ್ಕ ಹೀಗೆ: 1.96ರ ವರ್ಗವನ್ನು 0.5ರಿಂದ ಎರಡು ಸಲ ಗುಣಿಸಿ, 0.05ರ ವರ್ಗದಿಂದ ಭಾಗಿಸಿ. ಬರುವುದು 384. ಎಲ್ಲ ಪ್ರಬಂಧಗಳಲ್ಲೂ ಕಾಣುವ 384 ಹುಟ್ಟುವುದು ಇಲ್ಲಿಂದ. ಸಮಷ್ಟಿ, ಅಂದರೆ ಮಾದರಿಯನ್ನು ಆರಿಸುವ ಇಡೀ ಗುಂಪು, ಚಿಕ್ಕದಿದ್ದರೆ ಇಷ್ಟೂ ಬೇಕಿಲ್ಲ. ತಾಲ್ಲೂಕಿನಲ್ಲಿ ಎಂಟನೇ ತರಗತಿಯ ಮಕ್ಕಳು 2,400 ಇದ್ದರೆ, 384ರಲ್ಲಿ 1 ಕಳೆದು ಬಂದ 383ನ್ನು 2,400ರಿಂದ ಭಾಗಿಸಿ, 1 ಕೂಡಿಸಿ, ಅದರಿಂದ 384ನ್ನು ಭಾಗಿಸಿ: 331 ಸಾಕು. ಆದರೆ ಈ ಸೂತ್ರ ಒಬ್ಬೊಬ್ಬರನ್ನೂ ಚೀಟಿ ಎತ್ತಿ ಆರಿಸಿದ ಸರಳ ಯಾದೃಚ್ಛಿಕ ಮಾದರಿಗೆ ಮಾತ್ರ. ಹತ್ತು ಶಾಲೆಗಳನ್ನು ಆರಿಸಿ ಅಲ್ಲಿನ ಎಲ್ಲ ಮಕ್ಕಳನ್ನು ತೆಗೆದುಕೊಂಡರೆ, ಒಂದೇ ಶಾಲೆಯ ಮಕ್ಕಳು ಒಬ್ಬರನ್ನೊಬ್ಬರು ಹೋಲುವುದರಿಂದ ಮಾಹಿತಿಯ ತೂಕ ಇಳಿಯುತ್ತದೆ, ಸಂಖ್ಯೆ ಹೆಚ್ಚಬೇಕಾಗುತ್ತದೆ.

ಮೊದಲ ಪ್ರಶ್ನೆ ಯಾವುದೆಂದರೆ: ಯಾವ ಪಟ್ಟಿಯಿಂದ ಆರಿಸುತ್ತಿದ್ದೀರಿ, ಆ ಪಟ್ಟಿಯಲ್ಲಿ ಯಾರಿಲ್ಲ? 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಣಕು ಮತಪತ್ರ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ರೂಸ್‌ವೆಲ್ಟ್ ಅವರ ಎದುರಾಳಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಸಾರಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಪತ್ರಿಕೆಯ ವಿಳಾಸಗಳು ಬಂದದ್ದು ಮುಖ್ಯವಾಗಿ ಟೆಲಿಫೋನ್ ಡೈರೆಕ್ಟರಿ ಮತ್ತು ಕಾರು ನೋಂದಣಿಗಳಿಂದ. ಮಹಾ ಆರ್ಥಿಕ ಕುಸಿತದ ಆ ದಿನಗಳಲ್ಲಿ ಫೋನೂ ಕಾರೂ ಇಲ್ಲದವರು ಪಟ್ಟಿಯಲ್ಲೇ ಇರಲಿಲ್ಲ. ಜೊತೆಗೆ, ಪತ್ರ ಬಂದವರಲ್ಲಿ ಉತ್ತರಿಸುವ ಉಮೇದು ಇದ್ದವರು ಒಂದು ಕಡೆಗೆ ವಾಲಿದ್ದರು. ಇಂದು ವಾಟ್ಸಾಪ್ ಗುಂಪುಗಳಿಗೆ ಗೂಗಲ್ ಫಾರ್ಮ್ ಕಳಿಸಿ “ಕರ್ನಾಟಕದ ಯುವಜನರ ಅಭಿಪ್ರಾಯ” ಎಂದು ಬರೆಯುವವರು ಅದೇ ಹಾದಿ ಹಿಡಿದಿದ್ದಾರೆ.

ನಮ್ಮ ಅಧ್ಯಯನದಲ್ಲೂ ಇಂಥದ್ದೇ ಒಂದು ಕಂದಕ ಇದೆ, ಇದನ್ನು ನಾನು ಅತ್ಯಂತ ಮುಖ್ಯವೆಂದು ತಿಳಿಯುತ್ತೇನೆ. ನಿಮ್ಮ ಪಟ್ಟಿ ಎಂಟನೇ ತರಗತಿಯ ದಾಖಲಾತಿ. ಆದರೆ ಅತಿ ದೂರದ ಹಾಡಿಯಲ್ಲೋ ತೋಟದ ಮನೆಯಲ್ಲೋ ಇದ್ದು, ದೂರದ ಕಾರಣಕ್ಕೇ ಏಳನೇ ತರಗತಿಗೆ ಶಾಲೆ ಬಿಟ್ಟ ಹುಡುಗಿ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅಷ್ಟು ದೂರದಿಂದಲೂ ದಾಖಲಾದವರು ಗಟ್ಟಿಗರು, ಓದಿಸಲೇಬೇಕೆಂದು ಹಟ ತೊಟ್ಟ ಮನೆಯವರು. ಅವರ ಹಾಜರಾತಿ ಚೆನ್ನಾಗಿಯೇ ಇದ್ದೀತು. ನಿಮ್ಮ ಲೆಕ್ಕ ಆಗ “ದೂರಕ್ಕೂ ಹಾಜರಾತಿಗೂ ಹೆಚ್ಚಿನ ಸಂಬಂಧವಿಲ್ಲ” ಎಂದು ಹೇಳುತ್ತದೆ. ದೂರ ಕೊಟ್ಟ ದೊಡ್ಡ ಪೆಟ್ಟು ಪಟ್ಟಿಯ ಹೊರಗೇ ಉಳಿದುಬಿಡುತ್ತದೆ.

ಹಂತ 5: ಮೂರನೆಯ ಅಂಶವನ್ನು ದತ್ತಾಂಶಕ್ಕೆ ಮೊದಲೇ ಹುಡುಕಿ

ಎರಡು ಸಂಗತಿ ಜೊತೆಜೊತೆಯಾಗಿ ಕಂಡರೆ ಎರಡಕ್ಕೂ ಬೇರು ಬೇರೊಂದರಲ್ಲಿ ಇರಬಹುದು. ಪ್ರಯೋಗದಲ್ಲಿ ಚೀಟಿ ಎತ್ತುವುದರಿಂದ ಈ ಮೂರನೆಯ ಅಂಶಗಳು ಎರಡೂ ಗುಂಪಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ. ನಮಗೆ ಆ ಅನುಕೂಲವಿಲ್ಲ, ಒಂದೊಂದನ್ನೂ ಹೆಸರಿಟ್ಟು ಕರೆಯಬೇಕು. ದೂರದ ಮನೆಗಳು ಬಡವರವೇ? ಕೂಲಿಗೆ ವಲಸೆ ಹೋಗುವವರವೇ? ಬಸ್ ಪಾಸ್ ಇದೆಯೇ? ಹಾಸ್ಟೆಲ್ಲಿನಲ್ಲಿ ಇರುವ ಮಗುವಿನ ದೂರವನ್ನು ಹಳ್ಳಿಯಿಂದ ಅಳೆಯುವುದೋ ಹಾಸ್ಟೆಲ್ಲಿನಿಂದಲೋ? ಈ ಪಟ್ಟಿಯನ್ನು ಪ್ರಶ್ನಾವಳಿ ಅಚ್ಚಾಗುವ ಮೊದಲೇ ಬರೆಯಿರಿ. ಕೇಳದೇ ಬಿಟ್ಟ ಪ್ರಶ್ನೆಯನ್ನು ಯಾವ ಸಾಫ್ಟ್‌ವೇರೂ ಆಮೇಲೆ ಸರಿದೂಗಿಸಲಾರದು.

ದತ್ತಾಂಶ ಬಂದ ಮೇಲೆ ಅದನ್ನು ಪದರ ಪದರವಾಗಿ ಬಿಡಿಸಿ ನೋಡಿ. 1973ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಉನ್ನತ ವ್ಯಾಸಂಗಕ್ಕೆ ಅರ್ಜಿ ಹಾಕಿದ ಗಂಡಸರಲ್ಲಿ ಸುಮಾರು ಶೇ. 44 ಮಂದಿಗೂ ಹೆಂಗಸರಲ್ಲಿ ಸುಮಾರು ಶೇ. 35 ಮಂದಿಗೂ ಪ್ರವೇಶ ಸಿಕ್ಕಿತ್ತು. ವಿಭಾಗವಾರು ಬಿಡಿಸಿದಾಗ ಹೆಂಗಸರ ವಿರುದ್ಧದ ಆ ವಾಲಿಕೆ ಮಾಯವಾಯಿತು. ಪ್ರವೇಶವೇ ಕಷ್ಟವಿದ್ದ ವಿಭಾಗಗಳಿಗೆ ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದರು. ನೀವೂ ಮನೆಯಿಂದ ಬರುವವರು, ಹಾಸ್ಟೆಲ್ಲಿನವರು ಎಂದು ಬೇರೆ ಬೇರೆ ಕೋಷ್ಟಕ ಮಾಡಿ. ಅಂಶಗಳು ಹೆಚ್ಚಾದರೆ ಬಹುಚರ ರಿಗ್ರೆಶನ್ (ಹಲವು ಅಂಶಗಳನ್ನು ಒಟ್ಟಿಗೆ ಪರಿಗಣಿಸಿ ಒಂದೊಂದರ ಸಂಬಂಧವನ್ನು ಬೇರ್ಪಡಿಸುವ ಲೆಕ್ಕ) ಬೇಕಾಗುತ್ತದೆ, ಆದರೂ ಮೊದಲು ಕೋಷ್ಟಕ.

ಅಳೆಯಲಾಗದ ಮೂರನೆಯ ಅಂಶ ಇದ್ದರೆ? ಸಂಖ್ಯಾಶಾಸ್ತ್ರದ ದಿಗ್ಗಜ ರೊನಾಲ್ಡ್ ಫಿಷರ್ ಡಾಲ್ ಮತ್ತು ಹಿಲ್ ಅವರ ವಿರುದ್ಧ ಎತ್ತಿದ ಆಕ್ಷೇಪ ಇದೇ: ಧೂಮಪಾನದ ಕಡೆಗೆ ಎಳೆಯುವ, ಕ್ಯಾನ್ಸರಿಗೂ ಒಡ್ಡುವ ಯಾವುದೋ ಹುಟ್ಟುಗುಣ ಇರಬಹುದಲ್ಲ? ಆಕ್ಷೇಪ ತರ್ಕಬದ್ಧವಾಗಿತ್ತು. 1959ರಲ್ಲಿ ಜೆರೋಮ್ ಕಾರ್ನ್‌ಫೀಲ್ಡ್ ಮತ್ತು ಸಂಗಡಿಗರು ಅದಕ್ಕೆ ಲೆಕ್ಕದಲ್ಲೇ ಉತ್ತರ ಕೊಟ್ಟರು. ಧೂಮಪಾನಿಗಳಲ್ಲಿ ಅಪಾಯ ಒಂಬತ್ತು ಪಟ್ಟು ಇದ್ದು, ಅದೆಲ್ಲ ಆ ಗುಪ್ತ ಅಂಶದಿಂದಲೇ ಬಂದದ್ದಾದರೆ, ಆ ಅಂಶ ಧೂಮಪಾನಿಗಳಲ್ಲಿ ಉಳಿದವರಿಗಿಂತ ಕನಿಷ್ಠ ಒಂಬತ್ತು ಪಟ್ಟು ಹೆಚ್ಚಾಗಿ ಇರಬೇಕು. ಅಂಥದ್ದೊಂದನ್ನು ಯಾರೂ ತೋರಿಸಲಿಲ್ಲ. ನಿಮ್ಮ ಫಲಿತಾಂಶವನ್ನು ಅಳಿಸಿಹಾಕಲು ಕಾಣದ ಅಂಶ ಎಷ್ಟು ಬಲವಾಗಿರಬೇಕು ಎಂದು ಕೇಳಿಕೊಳ್ಳುವ ಈ ಅಭ್ಯಾಸ ಪ್ರತಿ ಪ್ರಬಂಧದಲ್ಲೂ ಇರಬೇಕೆಂಬುದು ನನ್ನ ಆಸೆ.

ಪಕ್ಷಪಾತದ ಪರೀಕ್ಷೆಯೂ ಬೇಕು. ಕ್ಯಾನ್ಸರ್ ರೋಗಿ ಎಂದು ಗೊತ್ತಿದ್ದರಿಂದ ಸಂದರ್ಶಕರು ಧೂಮಪಾನವನ್ನು ಕೆದಕಿ ಕೇಳಿರಬಹುದೇ? ಡಾಲ್ ಮತ್ತು ಹಿಲ್ ಒಂದು ಸೊಗಸಾದ ದಾರಿ ಕಂಡುಕೊಂಡರು. ಸಂದರ್ಶನದ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಭಾವಿಸಿ, ಆಮೇಲೆ ಅದಲ್ಲ ಎಂದು ಗೊತ್ತಾದ ರೋಗಿಗಳನ್ನು ಪ್ರತ್ಯೇಕವಾಗಿ ನೋಡಿದರು. ಅವರ ಧೂಮಪಾನದ ಲೆಕ್ಕ ಕ್ಯಾನ್ಸರ್ ಇಲ್ಲದವರನ್ನೇ ಹೋಲುತ್ತಿತ್ತು. ಸಂದರ್ಶಕರ ಕೈವಾಡವಿದ್ದಿದ್ದರೆ ಹಾಗೆ ಆಗುತ್ತಿರಲಿಲ್ಲ.

ಹಂತ 6: ವಿಶ್ಲೇಷಣೆ

ಮೊದಲು ಚಿತ್ರ ಬರೆಯಿರಿ: ಅಡ್ಡಕ್ಕೆ ನಿಮಿಷಗಳು, ಲಂಬಕ್ಕೆ ಹಾಜರಾತಿ, ಒಂದೊಂದು ಮಗುವಿಗೆ ಒಂದೊಂದು ಚುಕ್ಕಿ. ನಲವತ್ತು ನಿಮಿಷದವರೆಗೆ ಚುಕ್ಕಿಗಳು ಸಮತಟ್ಟಾಗಿದ್ದು ಆಮೇಲೆ ಕುಸಿದರೆ, ಸರಳರೇಖೆಯ ಸಹಸಂಬಂಧ ಗುಣಾಂಕ ಅದನ್ನು ಹೇಳದು. ಎರಡೂ ಸಂಖ್ಯಾತ್ಮಕ ಅಳತೆಗಳಾದರೆ ಪಿಯರ್ಸನ್ ಗುಣಾಂಕ, ಎರಡೂ ವರ್ಗಗಳಾದರೆ ಕೈ-ವರ್ಗ ಪರೀಕ್ಷೆ, ಎರಡು ಗುಂಪಿನ ಸರಾಸರಿ ಹೋಲಿಸಲು ಟಿ-ಪರೀಕ್ಷೆ. ಇವು ಎಲ್ಲ ಪಠ್ಯಪುಸ್ತಕದಲ್ಲೂ ಇವೆ.

ಗುಣಾಂಕ ಋಣ 0.30 ಬಂದಿತೆಂದುಕೊಳ್ಳಿ. ವರ್ಗ ಮಾಡಿದರೆ 0.09. ಹಾಜರಾತಿಯ ಏರುಪೇರಿನಲ್ಲಿ ಶೇ. 9 ಭಾಗ ಮಾತ್ರ ದೂರದ ಜೊತೆ ಹೊಂದಿಕೊಂಡು ಸಾಗುತ್ತದೆ, 91 ಭಾಗ ಬೇರೆಡೆ ಇದೆ. 400 ಮಕ್ಕಳ ಮಾದರಿಯಲ್ಲಿ ಇದು ಸಂಖ್ಯಾಶಾಸ್ತ್ರೀಯವಾಗಿ ಸಾರ್ಥಕವಾಗಿಯೇ, ಅಂದರೆ ಬರಿಯ ಆಕಸ್ಮಿಕ ಎಂದು ತಳ್ಳಿಹಾಕಲಾಗದಂತೆ, ಬರುತ್ತದೆ. ಸಾರ್ಥಕತೆ ಬೇರೆ, ದೊಡ್ಡತನ ಬೇರೆ. ಎರಡನ್ನೂ ವರದಿ ಮಾಡಿ. ತಾಲ್ಲೂಕುಗಳ ಸರಾಸರಿಯಲ್ಲಿ ಕಂಡ ಸಂಬಂಧವನ್ನು ಮಕ್ಕಳ ಮೇಲೆ ಹೇರಬೇಡಿ. ಗುಂಪಿನ ಮಟ್ಟದಲ್ಲಿ ಕಂಡದ್ದು ವ್ಯಕ್ತಿಯ ಮಟ್ಟದಲ್ಲಿ ತಿರುಗುಮುರುಗಾಗಬಲ್ಲದು.

ಹಂತ 7: ಬರವಣಿಗೆ

ಮತ್ತೆ ಕ್ರಿಯಾಪದಕ್ಕೆ ಬನ್ನಿ. “ದೂರದಿಂದಾಗಿ ಹಾಜರಾತಿ ಕುಸಿಯುತ್ತದೆ” ಎಂಬ ವಾಕ್ಯವನ್ನು ಅಡ್ಡಛೇದ ಅಧ್ಯಯನ ಬರೆಯಲಾರದು. “ಹೆಚ್ಚು ಹೊತ್ತು ಪ್ರಯಾಣಿಸುವ ಮಕ್ಕಳ ಹಾಜರಾತಿ ಕಡಿಮೆ ಇರುವುದು ಕಂಡುಬಂದಿತು, ಕುಟುಂಬದ ಆದಾಯವನ್ನು ಪರಿಗಣಿಸಿದ ಮೇಲೂ ಈ ಸಂಬಂಧ ಉಳಿಯಿತು” ಎಂದು ಬರೆಯಿರಿ, ಉಳಿದಿದ್ದರೆ. ಕಾರಣದ ಮಾತಾಡಲೇಬೇಕೆಂದರೆ ಹಿಲ್ 1965ರಲ್ಲಿ ಮುಂದಿಟ್ಟ ಒಂಬತ್ತು ದೃಷ್ಟಿಕೋನಗಳನ್ನು ಒರೆಗಲ್ಲಾಗಿ ಇಟ್ಟುಕೊಳ್ಳಿ: ಸಂಬಂಧ ಬಲವಾಗಿದೆಯೇ, ಬೇರೆಡೆಯೂ ಕಂಡಿದೆಯೇ, ಕಾರಣ ಕಾಲದಲ್ಲಿ ಮುಂಚೆ ಬಂದಿದೆಯೇ, ಪ್ರಮಾಣ ಹೆಚ್ಚಿದಂತೆ ಫಲವೂ ಹೆಚ್ಚಿದೆಯೇ ಇತ್ಯಾದಿ. ಇವು ಟಿಕ್ ಹಾಕಿ ಅಂಕ ಕೊಡುವ ಪಟ್ಟಿಯಲ್ಲ, ಹಿಲ್ ಕೂಡ ಹಾಗೆ ಉದ್ದೇಶಿಸಿರಲಿಲ್ಲ.

ಇತಿಮಿತಿಗಳ ಭಾಗದಲ್ಲಿ “ಸಮಯದ ಅಭಾವದಿಂದ ಮಾದರಿ ಚಿಕ್ಕದಾಗಿದೆ” ಎಂಬ ಸಿದ್ಧವಾಕ್ಯ ಬೇಡ. ನಿಮ್ಮ ಅಧ್ಯಯನಕ್ಕೇ ಅಂಟಿದ ಮಿತಿಯನ್ನು ಬರೆಯಿರಿ: “ಏಳನೇ ತರಗತಿಯ ನಂತರ ಶಾಲೆ ಬಿಟ್ಟವರು ಈ ಮಾದರಿಯಲ್ಲಿಲ್ಲ, ಆದ್ದರಿಂದ ಇಲ್ಲಿ ಕಂಡ ಸಂಬಂಧ ವಾಸ್ತವಕ್ಕಿಂತ ದುರ್ಬಲವಾಗಿರುವ ಸಾಧ್ಯತೆ ಇದೆ.” ಮಿತಿ ಏನು, ಅದು ಫಲಿತಾಂಶವನ್ನು ಯಾವ ಕಡೆಗೆ ಎಳೆಯುತ್ತದೆ ಎಂಬ ಎರಡೂ ಈ ವಾಕ್ಯದಲ್ಲಿವೆ. ಇದನ್ನು ಇನ್ನೂ ಗಟ್ಟಿಯಾಗಿ ಬರೆಯಬೇಕೆಂದರೆ ಸುತ್ತಲಿನ ಹಿರಿಯ ಪ್ರಾಥಮಿಕ ಶಾಲೆಗಳಿಗೆ ಹೋಗಿ, ಕಳೆದ ವರ್ಷ ಏಳನೇ ತರಗತಿ ಮುಗಿಸಿದವರ ಹೆಸರುಗಳನ್ನೂ ವರ್ಗಾವಣೆ ಪತ್ರ ಪಡೆದವರ ದಾಖಲೆಯನ್ನೂ ಮುಖ್ಯ ಶಿಕ್ಷಕರ ಅನುಮತಿಯಿಂದ ನೋಡಿ, ನಿಮ್ಮ ಎಂಟನೇ ತರಗತಿಯ ಪಟ್ಟಿಯೊಂದಿಗೆ ಸಾಲು ಸಾಲಾಗಿ ತಾಳೆ ಹಾಕಿ. ಎಲ್ಲಿಯೂ ಸಿಗದ ಹೆಸರುಗಳ ಪಕ್ಕದಲ್ಲಿ ಅವರವರ ಊರನ್ನೂ ಅಲ್ಲಿಂದ ಶಾಲೆಗೆ ಹಿಡಿಯುವ ನಿಮಿಷಗಳನ್ನೂ ಬರೆದುಕೊಳ್ಳಿ.